ಯಾವ ಮೇಳ, ಯಾವ ಪ್ರಸಂಗ?

ನಮ್ಮ ಕನ್ನಡ ಮಾಷ್ಟ್ರು ಈ ಮಳೆಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ವಾರ್ಷಿಕ ಸಂಚಿಕೆಯ ಹುಡುಗರು ಫೋನ್ ಮಾಡಿದ್ದರು. ಬರೆಯಲು ಕೂತರೆ ಮಾಷ್ಟ್ರ ಪಕ್ಕದಲ್ಲಿ ಇನ್ನೊಬ್ಬರೂ ಬಂದು ಕೂತುಬಿಟ್ಟರು. ಸಿನಿಮಾದ ಕಾಶೀನಾಥ್. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ನಾನು ನಾಟಕ ಬರೆಯುವವನಾದದ್ದು ಈ ಇಬ್ಬರಿಂದ.

ಈಗಿನ ಮಕ್ಕಳಿಗೆ ಕಾಶೀನಾಥ್ ಯಾರು ಅಂತ ಹೇಳಬೇಕೋ ಏನೋ. ಅವರು ಹುಟ್ಟಿದ್ದು 1951ರ ಮೇ 8ರಂದು, ಕುಂದಾಪುರದ ಹತ್ತಿರದ ನಮ್ಮ ಕೋಟೇಶ್ವರದಲ್ಲಿ. ತೇರಿನ ಹಬ್ಬವಾದ ಕೊಡಿ ಹಬ್ಬಕ್ಕೆ ಹೋಗಿ ನಾವೆಲ್ಲ ಕಬ್ಬಿನ ಕೊಡಿ ಹಿಡಿದುಕೊಂಡು ಬರುತ್ತಿದ್ದ ಅದೇ ಕೋಟೇಶ್ವರ. ಹಾಗಾಗಿ ಅವರ ಸಿನಿಮಾ ಬಂತೆಂದರೆ 'ನಮ್ಮ ಬದಿಯವರದ್ದು' ಎಂಬ ಅಭಿಮಾನ. 1976ರಲ್ಲಿ 'ಅಪರೂಪದ ಅತಿಥಿಗಳು' ಎಂಬ ಚಿತ್ರದಿಂದ ನಿರ್ದೇಶಕರಾದರು. 1978ರಲ್ಲಿ 'ಅಪರಿಚಿತ' ಬಂತು. ಕೊಲೆ, ಗುಟ್ಟು, ಅನುಮಾನ ಇರುವ ಕಥೆ. ವಾಣಿ ಜಯರಾಂ ಹಾಡಿದ ಅದರ ಹಾಡು ಎಲ್ಲರ ಮನೆಯ ರೇಡಿಯೋದಲ್ಲೂ ಕೇಳುತ್ತಿತ್ತು. ಅದೇ ಕಥೆಯನ್ನು 1981ರಲ್ಲಿ ಮಿಥುನ್ ಚಕ್ರವರ್ತಿಯನ್ನು ಹಾಕಿಕೊಂಡು ಹಿಂದಿಯಲ್ಲಿ 'ಬೇಶಕ್' ಅಂತ ಮಾಡಿದರು. ಇಷ್ಟೆಲ್ಲ ಆಗುವಾಗ ಅವರು ಕ್ಯಾಮೆರಾದ ಹಿಂದೆ ಇದ್ದವರು. 1984ರ 'ಅನುಭವ'ದಲ್ಲಿ ತಾವೇ ಮುಂದೆ ಬಂದು ನಾಯಕನಾದರು.

ಆ 'ಅನುಭವ' ನಮ್ಮ ಪೇಟೆಯ ಟಾಕೀಸಿಗೆ ಬಂದಾಗ ನಾವು ಎರಡನೇ ಪಿಯುಸಿ. ಪೋಸ್ಟರ್ ನೋಡಿದ ಮೇಲೆ ತರಗತಿಯಲ್ಲಿ ಕೂರುವುದು ಹೇಗೆ? ಆದರೆ ಗೇಟಿನಲ್ಲಿ ಮೀಸೆ ಬಾರದ ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲ. ನಾವು ನಾಲ್ವರು. ಒಬ್ಬನಿಗೂ ಮೀಸೆ ಇಲ್ಲ. ದಾರಿ ತೋರಿಸಿದ್ದು ಯಕ್ಷಗಾನ. ನಮ್ಮಲ್ಲೊಬ್ಬನ ಮಾವ ಮೇಳದಲ್ಲಿ, ಅಂದರೆ ಯಕ್ಷಗಾನದ ತಂಡದಲ್ಲಿ, ವೇಷಧಾರಿ. ಮಳೆಗಾಲವಾದ್ದರಿಂದ ಮೇಳದ ತಿರುಗಾಟ ನಿಂತಿತ್ತು, ಬಣ್ಣದ ಪೆಟ್ಟಿಗೆ ಮನೆಯ ಅಟ್ಟದಲ್ಲಿತ್ತು. ಕಾಡಿಗೆಗೆ ತೆಂಗಿನೆಣ್ಣೆ ಕಲಸಿ, ಕಡ್ಡಿ ಹಿಡಿದು, ಒಬ್ಬರಿಗೊಬ್ಬರು ಮೀಸೆ ಬರೆದುಕೊಂಡೆವು. ಅಪ್ಪಂದಿರ ಪಂಚೆ ಉಟ್ಟೆವು. ಹೊರಗೆ ಜಡಿಮಳೆ. ಮೀಸೆ ಕರಗದ ಹಾಗೆ ಕೊಡೆಯನ್ನು ಮೂಗಿನವರೆಗೆ ಇಳಿಸಿಕೊಂಡು ನಡೆದೆವು. ಗೇಟಿನವ ನಮ್ಮನ್ನೊಮ್ಮೆ ನೋಡಿದ. ಮೀಸೆಗಳನ್ನೊಮ್ಮೆ ನೋಡಿದ. ಟಿಕೆಟ್ ಹರಿದು ಒಳಗೆ ಬಿಟ್ಟ. ಆ ಕ್ಷಣದ ಖುಷಿ ನನಗೆ ಆಮೇಲೆ ಬ್ಯಾಂಕಿನ ನೇಮಕಾತಿ ಪತ್ರ ಬಂದಾಗಲೂ ಆಗಲಿಲ್ಲ.

ಒಳಗೆ ಹೋಗಿ ಕೂತರೆ ಪರದೆಯ ಮೇಲೆ ನಾವು ಅಂದುಕೊಂಡದ್ದೇ ಬೇರೆ, ಬಂದದ್ದೇ ಬೇರೆ. ಹೀರೋ ಅಂತ ಬಂದವರು ನಮ್ಮೂರ ಸೊಸೈಟಿಯ ಗುಮಾಸ್ತರ ಹಾಗಿದ್ದರು. ಸಣಕಲು ಮೈ, ಸಾದಾ ಮಾತು. ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಶ್ ಇದ್ದ ಕಾಲದಲ್ಲಿ ಇಂಥವರು ನಾಯಕನಾಗಲು ಎಷ್ಟು ಧೈರ್ಯ ಬೇಕಿತ್ತು ಎಂದು ಈಗ ಯೋಚಿಸಿದರೆ ಮೈ ಝುಮ್ಮೆನ್ನುತ್ತದೆ. ಕಥೆಯೂ ಹಾಗೆಯೇ. ಮದುವೆ ಆಗಿಬಿಟ್ಟಿದೆ, ಆದರೆ ಮದುವೆ ಎಂದರೇನು ಅಂತಲೇ ಹೆಂಡತಿಗೆ ಗೊತ್ತಿಲ್ಲ. ಅದರಿಂದ ಹುಟ್ಟುವ ನಗು, ಅದರಿಂದ ಹುಟ್ಟುವ ಸಂಕಟ. ಪದ್ಮಿಯ ಪಾತ್ರದಲ್ಲಿ ಉಮಾಶ್ರೀ ಬಂದರೆ ಇಡೀ ಟಾಕೀಸು ಶಿಳ್ಳೆ. ಮುಂದೆ ಅದೇ ಉಮಾಶ್ರೀ ನಮ್ಮ ಕರಾವಳಿಯ ಕಥೆಯಾದ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ತಗೊಂಡರು, 2013ರಲ್ಲಿ ಮಂತ್ರಿಯೂ ಆದರು.

ಸಿನಿಮಾ ಮುಗಿಯಿತು. ಮೀಸೆ ಮುಗಿಯಲಿಲ್ಲ. ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಮೂಗಿನ ಕೆಳಗೆ ಬೂದಿ ಬಣ್ಣದ ಗೆರೆ ಉಳಿದೇಬಿಟ್ಟಿತು. "ಮೊದ್ಲ್ ಎಣ್ಣಿ ಹಚ್ಚಿ ಒರ್ಸುದಲ್ದಾ ಮಕ್ಳೇ?" ಎಂದು ಆ ವೇಷಧಾರಿ ಮಾವ ನಕ್ಕದ್ದು ಒಂದು ವಾರದ ಮೇಲೆ. ಮರುದಿನ ಬೆಳಿಗ್ಗೆ ಮೊದಲ ಪಿರಿಯಡ್ಡೇ ಕನ್ನಡ.

ಮಾಷ್ಟ್ರ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಬಿಳಿ ಪಂಚೆ, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ. ಪಾಠ ಮಾಡುವಾಗ ಕುರ್ಚಿಯಲ್ಲಿ ಕೂತದ್ದು ನಾನು ನೋಡಿಲ್ಲ. ಅವರು ತಾಳಮದ್ದಳೆಯ ಅರ್ಥಧಾರಿಗಳು. ಯಕ್ಷಗಾನದ ಪ್ರಸಂಗವನ್ನು, ಅಂದರೆ ಕಥೆಯನ್ನು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವುದು ತಾಳಮದ್ದಳೆ, ಅದರಲ್ಲಿ ಪಾತ್ರವಾಗಿ ಮಾತಾಡುವವರು ಅರ್ಥಧಾರಿಗಳು. ರಾತ್ರಿಯಿಡೀ ಕೌರವನಾಗಿ ವಾದ ಮಾಡಿ, ಬೆಳಿಗ್ಗೆ ಕೆಂಪು ಕಣ್ಣಿನಲ್ಲೇ ತರಗತಿಗೆ ಬರುತ್ತಿದ್ದರು. ಅವರು ಏನೇನು ಪಾಠ ಮಾಡಿದರು ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ. ಅವರ ದನಿ ಮಾತ್ರ ಹಾಗೇ ಇದೆ. ಒಂದೇ ಸಾಲನ್ನು ಭೀಮನ ಹಾಗೆ, ಆಮೇಲೆ ಶಕುನಿಯ ಹಾಗೆ ಓದಿ, "ಈಗ ಹೇಳಿ, ಬದಲಾದದ್ದು ಮಾತೋ, ಮನುಷ್ಯನೋ?" ಎಂದು ಕೇಳುತ್ತಿದ್ದರು.

ಆ ದಿನ ಅವರು ಹಾಜರಿ ಕೂಗುತ್ತಾ ನಮ್ಮ ಬೆಂಚಿನ ಹತ್ತಿರ ಬಂದು ನಿಂತರು. ನಾಲ್ಕು ಮೂತಿಗಳನ್ನೂ ಸಾವಕಾಶವಾಗಿ ನೋಡಿದರು. ಮೇಳದ ಬಣ್ಣ ಅವರಿಗೆ ಗೊತ್ತಿಲ್ಲದ್ದೇ?

"ಯಾವ ಮೇಳ? ಯಾವ ಪ್ರಸಂಗ?"

ಯಾರೂ ಬಾಯಿ ಬಿಡಲಿಲ್ಲ. ನಾನೇ ಎದ್ದು ನಿಂತು, "ಅನುಭವ ಪ್ರಸಂಗ, ಸರ್" ಎಂದೆ. ತರಗತಿ ಗೊಳ್ಳೆಂದಿತು. ನನ್ನ ಬದುಕಿನ ಮೊದಲ ಒಳ್ಳೆಯ ಸಂಭಾಷಣೆ ಅದು ಎಂದು ಗೆಳೆಯರು ಈಗಲೂ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಮಾಷ್ಟ್ರು ಬೈಯಲಿಲ್ಲ. ಪ್ರಿನ್ಸಿಪಾಲರಲ್ಲಿಗೂ ಕಳಿಸಲಿಲ್ಲ. ಬೆಂಚನ್ನು ಮುಂದೆ ಎಳೆಸಿದರು. "ಪ್ರಸಂಗ ಶುರುವಾಗಲಿ. ನೀವು ನಾಲ್ವರು ಅರ್ಥಧಾರಿಗಳು. ವೇಷ ಬೇಡ, ಅದು ನಿನ್ನೆಯೇ ಆಗಿದೆ" ಎಂದರು. ಒಬ್ಬನಿಗೆ ಗಂಡನ ಪಾತ್ರ. ಒಬ್ಬ ಪದ್ಮಿ. ಒಬ್ಬ ಮನೆಯ ಹಿರಿಯ. ಹೆಂಡತಿಯ ಪಾತ್ರ ನನ್ನ ಪಾಲಿಗೆ ಬಂತು. ಎದುರಿನ ಎರಡು ಸಾಲಿನಲ್ಲಿ ಹುಡುಗಿಯರು. ಶುರುವಿನಲ್ಲಿ ನಾನು ಸಣ್ಣ ಸ್ವರ ಮಾಡಿ ಏನೋ ಅಂದೆ, ಎಲ್ಲರೂ ನಕ್ಕರು. ಇನ್ನೂ ನಗಿಸೋಣ ಅಂತ ಹೊರಟಾಗ ಮಾಷ್ಟ್ರು ತಾವೇ ಎದುರು ಅರ್ಥಧಾರಿಯಾಗಿ ಬಂದುಬಿಟ್ಟರು. ಆ ಹುಡುಗಿಯ ಅಪ್ಪನಾಗಿ.

"ಮಗಳೇ, ಗಂಡನ ಮನೆಗೆ ಹೊರಟಿದ್ದೀಯ. ಮದುವೆ ಅಂದರೆ ಏನು ಅಂತ ನಿನಗೆ ಯಾರಾದರೂ ಹೇಳಿದ್ದಾರಾ?"

ನಾನು "ಇಲ್ಲ" ಎಂದೆ.

"ನಾನು ಹೇಳಿದ್ದೇನಾ?"

"ಇಲ್ಲ, ಅಪ್ಪಯ್ಯ."

"ಅಮ್ಮ?"

ತರಗತಿಯಲ್ಲಿ ನಗು ನಿಂತುಹೋಗಿತ್ತು. ಮಾಷ್ಟ್ರು ತಿರುಗಿ ಎಲ್ಲರನ್ನೂ ಕೇಳಿದರು. ಹಾಗಾದರೆ ಯಾರು ಹೇಳಬೇಕಿತ್ತು? ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ, "ಶಾಲೆಯಲ್ಲಿ ಹೇಳಬೇಕಿತ್ತು ಸರ್" ಎಂದಳು. ಆ ವರ್ಷ ನಮ್ಮ ಜೀವಶಾಸ್ತ್ರದ ಪಾಠದಲ್ಲಿ ಆ ಅಧ್ಯಾಯ ಬಂದಾಗ, "ಇದು ಸುಲಭ, ಮನೆಯಲ್ಲೇ ಓದಿಕೊಳ್ಳಿ" ಎಂದು ಪುಟ ತಿರುವಿ ಆಗಿತ್ತು. ಹುಡುಗಿಯ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಮಾಷ್ಟ್ರು ಆ ಗಂಟೆ ಪೂರ್ತಿ ಅದನ್ನೇ ಮಾತಾಡಿದರು. ಬಾಲ್ಯವಿವಾಹದ ಬಗ್ಗೆ, ಹೆಣ್ಣುಮಕ್ಕಳ ಒಪ್ಪಿಗೆಯ ಬಗ್ಗೆ, ಪದ್ಮಿಯಂಥವರನ್ನು ನೋಡಿ ಶಿಳ್ಳೆ ಹೊಡೆಯುವವರ ಬಗ್ಗೆ. 1984-85ರಲ್ಲಿ, ಹುಡುಗ ಹುಡುಗಿಯರು ಒಟ್ಟಿಗೆ ಕೂತ ತರಗತಿಯಲ್ಲಿ! ಒಂದೇ ಒಂದು ಹೊಲಸು ಮಾತಿಲ್ಲದೆ.

ಶಿಕ್ಷೆ ಅಂತ ಒಂದು ಕೊಟ್ಟರು. ಅಪ್ಪ ಮಗಳ ಆ ಸೀನನ್ನು ಬರೆದು ತರಬೇಕು. ನಾನು ಉತ್ಸಾಹದಿಂದ ನೋಟ್‌ಬುಕ್ಕಿನ ತುಂಬಾ ಬರೆದೆ, ಸಾಲು ಸಾಲಿಗೂ ಜೋಕು. ಮಾಷ್ಟ್ರು ಕೆಂಪು ಶಾಯಿಯಲ್ಲಿ ಜೋಕುಗಳನ್ನೆಲ್ಲ ಹೊಡೆದು ಹಾಕಿದರು. "ನಗಿಸಲಿಕ್ಕೆ ಅಂತ ಬರೆದ ಮಾತನ್ನು ತೆಗಿ. ಆಮೇಲೂ ನಗು ಬಂದರೆ ಸೀನು ಸರಿಯಾಗಿದೆ" ಎಂದರು. ಇದಕ್ಕಿಂತ ದೊಡ್ಡ ಪಾಠ ನನಗೆ ಯಾವ ರಂಗಶಿಬಿರದಲ್ಲೂ ಸಿಗಲಿಲ್ಲ.

ಆಮೇಲೆ ಕಾಶೀನಾಥ್ ಚಿತ್ರಗಳನ್ನು ನಾನು ಆ ಕೆಂಪು ಶಾಯಿಯ ಕಣ್ಣಿನಿಂದಲೇ ನೋಡುತ್ತಾ ಬಂದೆ. 1988ರ 'ಅವಳೇ ನನ್ನ ಹೆಂಡ್ತಿ'ಯಲ್ಲಿ ವರದಕ್ಷಿಣೆಯ ಮನೆಯೊಳಗೆ ಆ ಸಾದಾ ಮನುಷ್ಯ ಸಿಕ್ಕಿಕೊಂಡದ್ದೇ ನಗು. ಹಂಸಲೇಖರ ಹಾಡುಗಳ ಜೊತೆ ಅದು ಊರೂರಲ್ಲಿ ಓಡಿತು. 1990ರಲ್ಲಿ ಆಮೀರ್ ಖಾನ್ ಅದರ ಹಿಂದಿ ರೂಪದಲ್ಲಿ ನಟಿಸಿದರು. ಅದಕ್ಕೂ ಮೊದಲು, 1986ರಲ್ಲಿ, 'ಅನುಭವ'ವನ್ನು ಕಾಶೀನಾಥ್ ತಾವೇ ಹಿಂದಿಯಲ್ಲಿ ಮಾಡಿದ್ದರು, ಶೇಖರ್ ಸುಮನ್ ಮತ್ತು ಪದ್ಮಿನಿ ಕೊಲ್ಹಾಪುರೆ ಅವರನ್ನು ಹಾಕಿಕೊಂಡು. 1989ರಲ್ಲಿ 'ಅನಂತನ ಅವಾಂತರ'. 1991ರ 'ಅಜಗಜಾಂತರ' ನನಗೆ ತುಂಬಾ ಇಷ್ಟ. ದುಡ್ಡಿನ ಆಸೆಗೆ ಹೆಂಡತಿ ಗಂಡನನ್ನೇ ಇನ್ನೊಬ್ಬಳಿಗೆ ಬಿಟ್ಟುಕೊಡುವ ಕಥೆ. ಒಂದು ಜೋಕೂ ಹೇಳದೆ ಬರೀ ಕಥೆ ಹೇಳಿದರೂ ಜನ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಅವರನ್ನು 'ಎರಡರ್ಥದ ಸಿನಿಮಾದವರು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಕೆಲವು ಚಿತ್ರಗಳಲ್ಲಿ ಅಂಥ ಮಾತು ಜಾಸ್ತಿ ಇತ್ತು, ನಿಜ. ಮಾಷ್ಟ್ರಿಗೂ ಅದು ಹಿಡಿಸುತ್ತಿರಲಿಲ್ಲ. ಆದರೆ ಮನೆಯಲ್ಲಿ, ಶಾಲೆಯಲ್ಲಿ ಯಾರೂ ಬಾಯಿ ಬಿಡದ ವಿಷಯವನ್ನು ಅವರು ಟಾಕೀಸಿನಲ್ಲಿ ಎಲ್ಲರೆದುರು ಇಟ್ಟರು. ತಾವೇ ಪೆದ್ದನಾಗಿ ನಿಂತು ಇಟ್ಟರು. ನಗುವವರು ಅವರನ್ನು ನೋಡಿ ನಗಬೇಕು, ಹೆಣ್ಣನ್ನು ನೋಡಿ ಅಲ್ಲ. ಅವರ ಒಳ್ಳೆಯ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಅವರ ದಾರಿ ಹಿಡಿದ ಅನೇಕರಿಗೆ ಇದು ಅರ್ಥವಾಗಲೇ ಇಲ್ಲ.

ಅವರೂ ಒಂದು ರೀತಿಯಲ್ಲಿ ಮಾಷ್ಟ್ರೇ. ಉಪೇಂದ್ರ, ವಿ. ಮನೋಹರ್, ಸುನಿಲ್ ಕುಮಾರ್ ದೇಸಾಯಿ ಎಲ್ಲರೂ ಅವರ ಕೈಕೆಳಗೆ ಕೆಲಸ ಕಲಿತವರು. ಒಬ್ಬರ ಹಾಗೆ ಇನ್ನೊಬ್ಬರಿಲ್ಲ ನೋಡಿ. ದೇಸಾಯಿ 'ತರ್ಕ' ಮಾಡಿದರು. ಮನೋಹರ್ ಹಾಡು ಬರೆದರು, ಸಂಗೀತ ಕೊಟ್ಟರು. ಉಪೇಂದ್ರರ 'ಓಂ' ಬಗ್ಗೆ ನಾನು ಹೇಳಬೇಕಾಗಿಲ್ಲ. ಶಿಷ್ಯನೇ ನಿರ್ದೇಶಿಸಿದ 'ಶ್!' ಚಿತ್ರದಲ್ಲಿ ಗುರುವೇ ನಟಿಸಿದರು. ಶಿಷ್ಯನ ಮಾತು ಕೇಳಿ ನಿಲ್ಲಲು ಎಷ್ಟು ಜನ ಗುರುಗಳಿಗೆ ಆಗುತ್ತದೆ?

ನಾನು ಬ್ಯಾಂಕಿನ ಕೆಲಸಕ್ಕೆ ಮುಂಬೈಗೆ ಹೋದೆ. ಅಲ್ಲಿನ ಕನ್ನಡ ಸಂಘಗಳಿಗೆ ನಾಟಕ ಬರೆದೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ನನ್ನ ನಾಟಕಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದ ರಾತ್ರಿ, ಹೋಟೆಲಿನಲ್ಲಿ ದುಡಿಯುವ ನಮ್ಮೂರ ಹುಡುಗರು ಬಂದು ಕೈ ಹಿಡಿದುಕೊಂಡು, "ನಮ್ಮ್ ಮನಿ ಕಥೆ ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?" ಎಂದರು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ನಮ್ಮ ಕಾಲೇಜು ಹೆಮ್ಮೆಪಡಬೇಕಾದ ವಿಷಯ ಅದು. ಪ್ರತಿ ನಾಟಕದ ಹಸ್ತಪ್ರತಿಯೂ ಮೊದಲು ಮಾಷ್ಟ್ರಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಕೆಂಪು ಶಾಯಿ ಬಳಿದುಕೊಂಡು ಹಿಂದೆ ಬರುತ್ತಿತ್ತು. ನಿವೃತ್ತರಾದ ಮೇಲೂ, ಕೈ ನಡುಗಲು ಶುರುವಾದ ಮೇಲೂ.

2017ರಲ್ಲಿ 'ಚೌಕ' ಬಂತು. ಯಾವಾಗಲೂ ನಗಿಸುತ್ತಿದ್ದ ಕಾಶೀನಾಥ್ ಅದರಲ್ಲಿ ಅಪ್ಪನಾಗಿ ನಮ್ಮನ್ನೆಲ್ಲ ಅಳಿಸಿಬಿಟ್ಟರು. ಮಾಷ್ಟ್ರಿಗೆ ಅದನ್ನು ಅವರ ಮೊಮ್ಮಗಳು ತೋರಿಸಿದಳಂತೆ. ಫೋನಿನಲ್ಲಿ, "ಈ ಜನ ಅಪ್ಪನ ಅರ್ಥವನ್ನೂ ಹೇಳಿದರಲ್ಲ ಮಾರಾಯ" ಎಂದರು. ಮರುವರ್ಷ, 2018ರ ಜನವರಿ 18ರಂದು, ಕಾಶೀನಾಥ್ ಕ್ಯಾನ್ಸರಿನಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಅರವತ್ತಾರು ವರ್ಷ ಅಷ್ಟೇ. ಆ ಸಂಜೆಯೂ ಮಾಷ್ಟ್ರೇ ಫೋನ್ ಮಾಡಿದ್ದರು. ಇಬ್ಬರೂ ಅಪ್ಪ ಮಗಳ ಆ ಸೀನಿನ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು.

ಈಗಿನ ಕಾಲೇಜುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಟ್ಟಡ ಚೆನ್ನಾಗಿದೆ. ಗೋಡೆ ಗೋಡೆಗೆ ಕ್ಯಾಮೆರಾ ಇದೆ. ಸಿಇಟಿ, ನೀಟ್ ಅಂತ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೋಚಿಂಗ್. ಕನ್ನಡ ಪಿರಿಯಡ್ ಎಂದರೆ ಬೇರೆಯವರು ಪೋರ್ಷನ್ ಮುಗಿಸಲು ಕೇಳಿ ತಗೊಳ್ಳುವ ಪಿರಿಯಡ್. ವಾರ್ಷಿಕೋತ್ಸವದಲ್ಲಿ ನಾಟಕ ಇಲ್ಲ, ಧ್ವನಿವರ್ಧಕ ಹಾಕಿ ಕುಣಿತ. ನಾವು ಪಂಚೆ ಉಟ್ಟು ಕದ್ದು ನೋಡಿದ್ದಕ್ಕಿಂತ ಸಾವಿರ ಪಾಲು ಈಗಿನ ಮಕ್ಕಳ ಫೋನಿನಲ್ಲಿದೆ. ಆದರೆ ಮರುದಿನ ಬೆಂಚು ಮುಂದೆ ಎಳೆಸಿ, 'ಏನು ನೋಡಿದಿರಿ, ಹೇಳಿ' ಎನ್ನುವವರು ಎಲ್ಲಿದ್ದಾರೆ? ಜೀವಶಾಸ್ತ್ರದ ಆ ಅಧ್ಯಾಯವನ್ನು ಈಗಲೂ ಎಷ್ಟೋ ಕಡೆ ಹಾರಿಸುತ್ತಾರೆ ಎಂದು ನನ್ನ ತಮ್ಮನ ಮಗಳು ಹೇಳಿದಳು. ನಾಲ್ಕು ದಶಕ ಆಯಿತಲ್ಲ!

ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಈ ಸಲದ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಮಾಡಲು ಕೇಳಿಕೊಂಡಿದ್ದೇವೆ. ಬರೆದು ಮುಗಿಸಿದ್ದೇನೆ. ಕೆಂಪು ಶಾಯಿ ಬಳಿಯುವವರು ಇಲ್ಲ, ನಾನೇ ಜೋಕುಗಳನ್ನು ಹೊಡೆದು ಹಾಕಿದ್ದೇನೆ. ಅಂದು ಮೀಸೆ ಬರೆದುಕೊಂಡ ನಾಲ್ವರೂ ಪಾತ್ರ ಮಾಡುತ್ತೇವೆ, ಈಗಿನ ವಿದ್ಯಾರ್ಥಿನಿಯರೇ ಹೆಣ್ಣಿನ ಪಾತ್ರಗಳನ್ನು ಒಪ್ಪಿಕೊಂಡಿದ್ದಾರೆ. ಇನ್ನೊಂದು ವಿನಂತಿ. ಮಾಷ್ಟ್ರು ತಿದ್ದಿಕೊಟ್ಟ ನೋಟ್‌ಬುಕ್ಕು, ನಾಟಕ, ಕವನ, ಅರ್ಜಿ, ಏನೇ ಆಗಲಿ ಯಾರ ಮನೆಯಲ್ಲಾದರೂ ಇದ್ದರೆ ಕಾಲೇಜಿನ ಲೈಬ್ರರಿಗೆ ತಂದುಕೊಡಿ. ನನ್ನಲ್ಲಿ ಇದ್ದವನ್ನು ಒಂದು ಕಪಾಟಿನಷ್ಟು ಆಗಲೇ ಕೊಟ್ಟಿದ್ದೇನೆ. ನಾಟಕ ಬರೆಯಬೇಕು ಅಂತ ಆಸೆ ಇರುವ ಮಕ್ಕಳು ಹೋಗಿ ಓದಿ.