ಕಂಟ್ರೋಲರ್ ಕೊಡುವ ಮೊದಲು ಪಿಸಿಯ ಬಗ್ಗೆ ಕೇಳಿ

ಗೇಮಿಂಗ್ ಸಾಮಾನು ಮಾರಿ ರಿಪೇರಿಯನ್ನೂ ಮಾಡುವ ಕೌಂಟರಿನಲ್ಲಿ ಕೂತವರಿಗೆ ಬೇಗನೆ ತಿಳಿಯುವ ಸಂಗತಿ ಒಂದಿದೆ. "ಜಾಯ್‌ಸ್ಟಿಕ್ ಕೆಲಸ ಮಾಡ್ತಿಲ್ಲ" ಎಂದು ವಾಪಸ್ ಬರುವ ಡಬ್ಬಿಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಮಾರುವಾಗ ಬಜೆಟ್ ಕೇಳಿರುತ್ತೇವೆ, ಬಣ್ಣ ಕೇಳಿರುತ್ತೇವೆ. ಯಾವ ಆಟ, ಅದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯದ್ದೋ ಬೇರೆ ಕಡೆಯದ್ದೋ, ಪಿಸಿಯಲ್ಲಿ ಬ್ಲೂಟೂತ್ ಇದೆಯೋ ಇಲ್ಲವೋ, ಇವನ್ನು ಮಾತ್ರ ಕೇಳಿರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೂ ಕೊಳ್ಳಲು ಹೊರಟವರಿಗೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆದಿದ್ದು.

ಮೊದಲು ಮೋಡ್ ವಿಷಯ, ಏಕೆಂದರೆ ಹೆಚ್ಚು ತಲೆನೋವು ಇಲ್ಲೇ. ವಿಂಡೋಸ್‌ನಲ್ಲಿ ಕಂಟ್ರೋಲರಿನ ಮಾತು ಆಟಕ್ಕೆ ತಲುಪಲು ಮುಖ್ಯವಾಗಿ ಎರಡು ದಾರಿ, ಇವನ್ನೇ ಮೋಡ್ ಎನ್ನುವುದು. ಹಳೆಯದು ಡೈರೆಕ್ಟ್‌ಇನ್‌ಪುಟ್. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದ ಕಾಲಕ್ಕೆ ಮೈಕ್ರೋಸಾಫ್ಟ್ ತಂದದ್ದು ಎಕ್ಸ್‌ಇನ್‌ಪುಟ್. ಈಗಿನ ಪಿಸಿ ಆಟಗಳಲ್ಲಿ ಬಹುಪಾಲು ಎಕ್ಸ್‌ಇನ್‌ಪುಟ್ ನಂಬಿಕೊಂಡೇ ಬರೆದವು. ಡೈರೆಕ್ಟ್‌ಇನ್‌ಪುಟ್‌ನಲ್ಲಿ ಯಾವ ಬಟನ್ ಎಲ್ಲಿದೆ ಎಂಬುದಕ್ಕೆ ಗೊತ್ತಾದ ನಿಯಮವಿಲ್ಲ. ಅಲ್ಲಿ ಬಟನ್‌ಗಳಿಗೆ ನಂಬರ್ ಮಾತ್ರ. ಹಾಗಾಗಿ ಅದೇ ಕಂಟ್ರೋಲರ್ ಒಂದು ಆಟದಲ್ಲಿ ಕಾಣಿಸುವುದೇ ಇಲ್ಲ, ಇನ್ನೊಂದರಲ್ಲಿ ಬಟನ್‌ಗಳು ಅದಲುಬದಲು, ಮತ್ತೊಂದರಲ್ಲಿ ಕ್ಯಾಮೆರಾ ತಾನೇ ತಾನಾಗಿ ಸುತ್ತುತ್ತದೆ. ಗಿರಾಕಿ ಈ ಮೂರರಲ್ಲಿ ಯಾವುದನ್ನು ಹೇಳಿದರೂ ಮೊದಲು ಸ್ಕ್ರೂಡ್ರೈವರ್ ಹಿಡಿಯಬೇಡಿ, ಮೋಡ್ ನೋಡಿ.

ಲಾಜಿಟೆಕ್ ಎಫ್310, ಎಫ್710 ಮಾದರಿಗಳಲ್ಲಿ ಪ್ಯಾಡಿನಲ್ಲೇ ಎಕ್ಸ್-ಡಿ ಎಂಬ ಚಿಕ್ಕ ಸ್ವಿಚ್ ಇದೆ: ಎಕ್ಸ್ ಎಂದರೆ ಎಕ್ಸ್‌ಇನ್‌ಪುಟ್, ಡಿ ಎಂದರೆ ಡೈರೆಕ್ಟ್‌ಇನ್‌ಪುಟ್. ಕಡಿಮೆ ಬೆಲೆಯ ಹಲವು ಪ್ಯಾಡ್‌ಗಳಲ್ಲಿ ನಡುವಿನ ಹೋಮ್ ಅಥವಾ ಮೋಡ್ ಬಟನ್ ಒತ್ತಿ ಹಿಡಿದರೆ ಮೋಡ್ ಬದಲಾಗಿ, ಉರಿಯುವ ದೀಪಗಳೂ ಬದಲಾಗುತ್ತವೆ. ಎಷ್ಟು ಸೆಕೆಂಡು ಹಿಡಿಯಬೇಕು, ಯಾವ ದೀಪ ಯಾವ ಮೋಡಿಗೆ ಎಂಬುದು ಪ್ರತಿ ಕಂಪನಿಗೂ ಬೇರೆ. ಆದ್ದರಿಂದ ಡಬ್ಬಿಯೊಳಗಿನ ಆ ಚೀಟಿಯನ್ನು ಬಿಸಾಡಬೇಡಿ ಎಂದು ಗಿರಾಕಿಗೆ ಹೇಳಿ ಕಳಿಸಿ. ಮೋಡ್ ಬದಲಿಸಿದ ಮೇಲೆ ಆಟವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಎಷ್ಟೋ ಆಟಗಳು ಶುರುವಾಗುವಾಗ ಮಾತ್ರ ಕಂಟ್ರೋಲರ್ ಹುಡುಕುತ್ತವೆ. "ಆಂಡ್ರಾಯ್ಡ್‌ಗೆ" ಎಂದಷ್ಟೇ ಡಬ್ಬಿಯ ಮೇಲೆ ಬರೆದಿರುವ ಪ್ಯಾಡನ್ನು ಪಿಸಿಯವರಿಗೆ ಕೊಡುವ ಮುಂಚೆ ಅಂಗಡಿಯ ಪಿಸಿಗೇ ಚುಚ್ಚಿ ನೋಡುವುದು ಒಳ್ಳೆಯದು. ಕೆಲವದರಲ್ಲಿ ಎಕ್ಸ್‌ಇನ್‌ಪುಟ್ ಮೋಡ್ ಇರುವುದೇ ಇಲ್ಲ.

ಎಕ್ಸ್‌ಇನ್‌ಪುಟ್‌ಗೂ ಮಿತಿಗಳಿವೆ. ಜಾಹೀರಾತಿನ ಅರ್ಧ ಮಾತು ಬಿದ್ದುಹೋಗುವುದು ಇಲ್ಲೇ. ಅದು ಒಟ್ಟಿಗೆ ನಾಲ್ಕು ಕಂಟ್ರೋಲರ್‌ಗಳನ್ನಷ್ಟೇ ಗುರುತಿಸುತ್ತದೆ. ಒಂದೊಂದರಲ್ಲಿ ಎರಡು ಸ್ಟಿಕ್, 0ಯಿಂದ 255ರವರೆಗೆ ಅಳೆಯುವ ಎರಡು ಟ್ರಿಗರ್ (ತೋರುಬೆರಳಿನಿಂದ ಎಳೆಯುವ ಬಟನ್), ಒಂದು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್), ಹತ್ತು ಬಟನ್, ಎರಡು ಕಂಪನ ಮೋಟಾರು. ಇಷ್ಟಕ್ಕೇ ಜಾಗ. ಹಿಂಬದಿಯ "ನಾಲ್ಕು ಎಕ್ಸ್‌ಟ್ರಾ ಬಟನ್"ಗಳಿಗೆ ಇದರಲ್ಲಿ ಸ್ವಂತ ಜಾಗವಿಲ್ಲ. ಎ, ಬಿ ಇತ್ಯಾದಿ ಇರುವ ಬಟನ್‌ಗಳಲ್ಲಿ ಒಂದರ ನಕಲಾಗಿ ಅವು ಕೆಲಸ ಮಾಡುತ್ತವೆ, ಅಷ್ಟೇ. ಸ್ಟಿಕ್‌ನಿಂದ ಹೆಬ್ಬೆರಳು ತೆಗೆಯದೆ ಜಿಗಿಯಲು ಅಷ್ಟೂ ಉಪಯೋಗವೇ, ಆದರೆ ಕೀಬೋರ್ಡಿನ ಹಾಗೆ ನಾಲ್ಕು ಹೊಸ ಕೆಲಸ ಸಿಗುತ್ತವೆ ಎಂದು ಕೊಂಡವರು ಬೇಸರದಿಂದ ವಾಪಸ್ ಬರುತ್ತಾರೆ. ಕಂಟ್ರೋಲರ್ ಓರೆ ಮಾಡಿದ್ದನ್ನು ಗುರುತಿಸುವ ಜೈರೋ, ಟಚ್‌ಪ್ಯಾಡ್ ಇವುಗಳ ಕಥೆಯೂ ಹೀಗೆಯೇ. ಎಕ್ಸ್ ಮೋಡ್‌ನಲ್ಲಿ ಅವು ಮೌನ. ಜೈರೋ ಬೇಕೇ ಬೇಕು ಎನ್ನುವವರಿಗೆ ಸ್ಟೀಮ್ ನೇರವಾಗಿ ಗುರುತಿಸುವ ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರದ್ದು), ಡ್ಯುಯಲ್‌ಸೆನ್ಸ್ (ಪ್ಲೇಸ್ಟೇಷನ್ 5ರದ್ದು), ನಿಂಟೆಂಡೊದ ಸ್ವಿಚ್ ಪ್ರೊ ಇಂಥವನ್ನು ತೋರಿಸಿ.

ಪ್ಲೇಸ್ಟೇಷನ್ ಕಂಟ್ರೋಲರ್‌ಗಳು ಪಿಸಿಗೆ ಆಗುವುದಿಲ್ಲ ಎಂಬ ಮಾತು ಹಳೆಯದಾಯಿತು. ಆದರೆ ಷರತ್ತುಗಳಿವೆ. ಸ್ಟೀಮ್ ಆಟಗಳಿಗೆ ಬೇರೇನೂ ಹಾಕಬೇಕಿಲ್ಲ: ಸ್ಟೀಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಪ್ಲೇಸ್ಟೇಷನ್‌ಗೆ ಸ್ಟೀಮ್ ಇನ್‌ಪುಟ್ ಆನ್ ಮಾಡಿದರೆ ಆಟಕ್ಕೆ ಅದು ಎಕ್ಸ್‌ಬಾಕ್ಸ್ ಕಂಟ್ರೋಲರ್ ಆಗಿ ಕಾಣುತ್ತದೆ. ತೆರೆಯ ಮೇಲೆ ಚೌಕ, ತ್ರಿಕೋನದ ಬದಲು ಎಕ್ಸ್, ವೈ ಚಿತ್ರ ಬಂದರೆ ಗಾಬರಿ ಬೇಡ. ಸ್ಟೀಮ್ ಹೊರಗಿನ ಆಟಗಳಿಗೆ, ಅದರಲ್ಲೂ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಚಂದಾದವಕ್ಕೆ, ಹೆಚ್ಚಾಗಿ ಪ್ಲೇಸ್ಟೇಷನ್ ಕಂಟ್ರೋಲರನ್ನು ಎಕ್ಸ್‌ಬಾಕ್ಸ್‌ನದ್ದೆಂದು ತೋರಿಸುವ ಡಿಎಸ್4ವಿಂಡೋಸ್‌ನಂಥ ಪ್ರೋಗ್ರಾಂ ಬೇಕಾಗುತ್ತದೆ. ಅದನ್ನೂ ಸ್ಟೀಮ್ ಇನ್‌ಪುಟ್ಟನ್ನೂ ಒಟ್ಟಿಗೆ ಓಡಿಸಿದರೆ ಒಂದು ಸಲ ಒತ್ತಿದ್ದು ಎರಡು ಸಲ ಬೀಳುತ್ತದೆ, ಮೆನುವಿನಲ್ಲಿ ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹಾರುತ್ತದೆ. ಎರಡರಲ್ಲಿ ಒಂದನ್ನು ನಿಲ್ಲಿಸಿ. ಹಾಗೂ ಸರಿಯಾಗದಿದ್ದರೆ ಅಸಲಿ ಕಂಟ್ರೋಲರನ್ನು ಆಟದಿಂದ ಮರೆಮಾಡುವ ಹಿಡ್‌ಹೈಡ್ ಹಾಕಿ.

ಡ್ಯುಯಲ್‌ಸೆನ್ಸ್‌ಗೆ ಜನ ದುಡ್ಡು ಕೊಡುವುದೇ ಅದರ ಸೂಕ್ಷ್ಮ ಕಂಪನಕ್ಕೂ ಬಿಗಿಯಾಗುವ ಟ್ರಿಗರ್‌ಗೂ. ಪಿಸಿಯಲ್ಲಿ ಇವೆರಡನ್ನೂ ಬೆಂಬಲಿಸುವ ಆಟಗಳೇ ಆಯ್ದ ಕೆಲವು. ಅಂಥವುಗಳಲ್ಲೂ ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ ಹಾಕಿರಬೇಕು, ಹಲವದರಲ್ಲಿ ಆ ಆಟದ ಮಟ್ಟಿಗೆ ಸ್ಟೀಮ್ ಇನ್‌ಪುಟ್ ಆಫ್ ಮಾಡಿರಬೇಕು. ಮಾರುವಾಗಲೇ ಹೇಳಿಬಿಡಿ. ಕೇಬಲ್ ಚುಚ್ಚಿದ ಕೂಡಲೇ ಇನ್ನೊಂದು ದೂರು ಬರುತ್ತದೆ, "ಸ್ಪೀಕರ್ ಸೌಂಡ್ ಹೋಯ್ತು" ಎಂದು. ಡ್ಯುಯಲ್‌ಸೆನ್ಸ್‌ನೊಳಗೆ ಸ್ಪೀಕರ್, ಮೈಕ್, ಹೆಡ್‌ಫೋನ್ ಜ್ಯಾಕ್ ಇರುವುದರಿಂದ ವಿಂಡೋಸ್ ಅದನ್ನು ಸೌಂಡ್ ಕಾರ್ಡ್ ಎಂದು ತಿಳಿದು ಶಬ್ದವನ್ನೆಲ್ಲ ಅತ್ತ ಕಳಿಸಿರುತ್ತದೆ. ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರ ಒತ್ತಿ ಹಳೆಯ ಸ್ಪೀಕರನ್ನು ಮತ್ತೆ ಆರಿಸಿದರೆ ಮುಗಿಯಿತು.

ಇನ್ನು ವೈರೋ ವೈರ್‌ಲೆಸ್ಸೋ. ಮೇಜಿನ ಮುಂದೆ ಕೂತು ಆಡುವವರಿಗೆ ವೈರ್ ಇರುವುದೇ ಸಾಕು ಎಂಬುದು ನನ್ನ ಅಭಿಪ್ರಾಯ: ಅದೇ ಬೆಲೆಗೆ ಒಳ್ಳೆಯ ಸ್ಟಿಕ್ ಸಿಗುತ್ತದೆ, ಬ್ಯಾಟರಿ ಚಿಂತೆಯಿಲ್ಲ. ವೈರ್‌ಲೆಸ್ಸೇ ಬೇಕೆಂದರೆ 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಚಿಕ್ಕ ರಿಸೀವರ್) ಜೊತೆಗೇ ಬರುವುದು ಬ್ಲೂಟೂತ್‌ಗಿಂತ ನೆಮ್ಮದಿ. ಲ್ಯಾಪ್‌ಟಾಪ್‌ನಲ್ಲಿ ಬ್ಲೂಟೂತ್ ಇದ್ದೇ ಇರುತ್ತದೆ, ಜೋಡಿಸಿಕೊಂಡ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಡಾಂಗಲನ್ನು ಕ್ಯಾಬಿನೆಟ್ ಹಿಂದಿನ ನೀಲಿ ಯುಎಸ್‌ಬಿ 3.0 ಪೋರ್ಟಿಗೆ ಚುಚ್ಚಿ, ಪಕ್ಕದಲ್ಲೇ ಹೊರಗಿನ ಹಾರ್ಡ್ ಡಿಸ್ಕ್ ಹಾಕಿದ್ದರೆ ಬಟನ್ ಒತ್ತಿದ್ದು ಆಗಾಗ ತಪ್ಪಿಹೋಗುತ್ತದೆ. ಯುಎಸ್‌ಬಿ 3.0 ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುವುದು ಇದಕ್ಕೆ ಕಾರಣ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಕೈಗೆ ಕಾಣುವಂತೆ ತನ್ನಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೂ ಸುಧಾರಿಸುತ್ತದೆ.

ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಲ್ಲಿ ಎಲ್ಲದಕ್ಕೂ ಬ್ಲೂಟೂತ್ ಇಲ್ಲ. ಬ್ಯಾಟರಿ ಜಾಗದೊಳಗಿನ ಸ್ಟಿಕ್ಕರ್‌ನಲ್ಲಿ ಮಾದರಿ ಸಂಖ್ಯೆ ನೋಡಿ: 2013ರ 1537ರಲ್ಲಿ ಇಲ್ಲ, ಹೆಡ್‌ಫೋನ್ ಜ್ಯಾಕ್ ಬಂದ 1697ರಲ್ಲೂ ಇಲ್ಲ, 2016ರ 1708ರಲ್ಲಿ ಇದೆ, ಟೈಪ್-ಸಿ ಪೋರ್ಟಿನ 2020ರ 1914ರಲ್ಲಿ ಇದೆ. ಸ್ಟಿಕ್ಕರ್ ಕಿತ್ತಿದ್ದರೆ ನಡುವಿನ ಎಕ್ಸ್‌ಬಾಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್ ಗಮನಿಸಿ. ಅದು ಮುಂಭಾಗದ ಮುಖಕ್ಕೇ ಸೇರಿದ್ದರೆ ಬ್ಲೂಟೂತ್ ಉಂಟು. ಮೇಲಿನ ಬಂಪರ್ (ಟ್ರಿಗರ್ ಪಕ್ಕದ ಬಟನ್) ತುಂಡಿಗೆ ಸೇರಿದ್ದರೆ ಇಲ್ಲ, ಅದಕ್ಕೆ ಮೈಕ್ರೋಸಾಫ್ಟ್‌ನ ವೈರ್‌ಲೆಸ್ ಅಡಾಪ್ಟರ್ ಬೇರೆ ಕೊಳ್ಳಬೇಕು. ಆ ಅಡಾಪ್ಟರ್ ಎಂಟು ಕಂಟ್ರೋಲರ್‌ಗಳವರೆಗೆ ಹಿಡಿಯುತ್ತದೆ, ಹೆಡ್‌ಫೋನ್ ಶಬ್ದವನ್ನೂ ಒಯ್ಯುತ್ತದೆ. ಬ್ಲೂಟೂತ್‌ನಲ್ಲಿ ಆ ಜ್ಯಾಕ್ ಕೆಲಸ ಮಾಡದು. ಕಂಟ್ರೋಲರ್ ಜೊತೆಗೆ ಎರಡು ಪೆನ್ಸಿಲ್ ಸೆಲ್ ಬರುತ್ತವೆ, ಕೇಬಲ್ ಸಾಮಾನ್ಯವಾಗಿ ಬರುವುದಿಲ್ಲ. ಮನೆಯಲ್ಲಿದ್ದ ಯಾವುದೋ ಚಾರ್ಜಿಂಗ್ ಕೇಬಲ್ ಹಾಕಿ "ಪಿಸಿ ಹಿಡೀತಿಲ್ಲ" ಎನ್ನುವವರಿಗೆ ಡೇಟಾ ಇರುವ ಕೇಬಲ್ ಕೊಟ್ಟರೆ ಅಲ್ಲೇ ಪರಿಹಾರ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ.

ಕೌಂಟರಿನಲ್ಲೇ ಪರೀಕ್ಷೆ ಮಾಡಿ ಕೊಡುವುದು ಇಬ್ಬರಿಗೂ ಒಳ್ಳೆಯದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ರನ್ ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಜೆ-ಓ-ವೈ, ಚುಕ್ಕಿ, ಸಿ-ಪಿ-ಎಲ್ ಬರೆದು ಎಂಟರ್ ಕೊಟ್ಟರೆ ಹಳೆಯ ಪರೀಕ್ಷಾ ಪುಟ ತೆರೆಯುತ್ತದೆ. ಇಲ್ಲಿ ಮೋಸಹೋಗಬೇಡಿ: ಈ ಪುಟ ಎಕ್ಸ್‌ಬಾಕ್ಸ್ ಮಾದರಿಯ ಎರಡೂ ಟ್ರಿಗರ್‌ಗಳನ್ನು ಒಂದೇ ಝಡ್ ಗೆರೆಯಲ್ಲಿ ತೋರಿಸುತ್ತದೆ. ಒಂದು ಎಳೆದರೆ ಗೆರೆ ಅತ್ತ, ಇನ್ನೊಂದು ಎಳೆದರೆ ಇತ್ತ, ಎರಡೂ ಎಳೆದರೆ ನಡುವೆ. ಟ್ರಿಗರ್ ಕೆಟ್ಟಿದೆ ಎಂದು ಬದಲಿ ಮಾಡಿಕೊಡಬೇಡಿ. ಬ್ರೌಸರಿನಲ್ಲಿ ತೆರೆಯುವ ಗೇಮ್‌ಪ್ಯಾಡ್ ಟೆಸ್ಟರ್‌ಗಳು ಎರಡನ್ನೂ ಬೇರೆ ಬೇರೆಯಾಗಿ, 0ಯಿಂದ 1ರವರೆಗೆ ತೋರಿಸುತ್ತವೆ, ಅದನ್ನೇ ನಂಬಿ.

ಅದೇ ಟೆಸ್ಟರಿನಲ್ಲಿ ಸ್ಟಿಕ್ ಪರೀಕ್ಷೆಗೆ ಅದನ್ನು ನಿಧಾನಕ್ಕೆ ತಿರುಗಿಸಿದರೆ ಸಾಲದು. ನಾಲ್ಕೂ ದಿಕ್ಕಿಗೆ ಎಳೆದು ಫಟ್ಟೆಂದು ಬಿಡಿ, ಪ್ರತಿ ಸಲವೂ ಎಲ್ಲಿ ಬಂದು ನಿಲ್ಲುತ್ತದೆ ನೋಡಿ. ನಡುವಿನ ಸೊನ್ನೆಯಿಂದ 0.05ರ ಒಳಗೆ ನಿಂತರೆ ಚಿಂತೆಯಿಲ್ಲ. 0.10 ದಾಟಿ ನಿಂತರೆ, ಅದೂ ಒಂದೇ ದಿಕ್ಕಿಗೆ, ಡ್ರಿಫ್ಟ್, ಅಂದರೆ ಮುಟ್ಟದೆಯೂ ಸ್ಟಿಕ್ ಜಾರುವುದು, ಶುರುವಾಗಿದೆ. ಅದೇ ಪ್ಯಾಡ್ ಒಂದು ಆಟದಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಜಾರುವುದೇಕೆ ಎಂದು ಗಿರಾಕಿ ಕೇಳಿಯೇ ಕೇಳುತ್ತಾರೆ. ಉತ್ತರ ಡೆಡ್‌ಝೋನ್‌ನಲ್ಲಿದೆ, ಅಂದರೆ ನಡುವಿನ ಸುತ್ತ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ. ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್ ಒಂದು ಕಡೆಗೆ 32767ರವರೆಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಕೊಟ್ಟಿರುವ ಡೆಡ್‌ಝೋನ್ ಎಡ ಸ್ಟಿಕ್‌ಗೆ 7849, ಬಲ ಸ್ಟಿಕ್‌ಗೆ 8689, ಅಂದರೆ ಹೆಚ್ಚುಕಡಿಮೆ ಕಾಲುಭಾಗ. ಇದನ್ನು ಹಾಗೇ ಬಳಸಿದ ಆಟದಲ್ಲಿ ಸಣ್ಣ ಜಾರು ಗೊತ್ತೇ ಆಗುವುದಿಲ್ಲ. ಗುರಿಯಿಡುವ ಆಟಗಳು ಡೆಡ್‌ಝೋನ್ ಚಿಕ್ಕದಾಗಿಟ್ಟರೆ ತಕ್ಷಣ ಎದ್ದು ಕಾಣುತ್ತದೆ.

ಡ್ರಿಫ್ಟ್ ಬರುವುದು ಸಾಮಾನ್ಯ ಸ್ಟಿಕ್‌ನೊಳಗಿನ ಪೊಟೆನ್ಷಿಯೋಮೀಟರ್ ಸವೆತದಿಂದ. ಕಾರ್ಬನ್ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಪುಡಿ ಅಲ್ಲೇ ಕೂರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಪುಡಿ ಹೋಗಿ ಕೆಲಕಾಲ ಸರಿಯಾಗುತ್ತದೆ, ಸವೆದ ಪಟ್ಟಿ ಮರಳಿ ಬಾರದು. ಬದಲಿಸಬೇಕೆಂದರೆ ಒಂದು ಮಾಡ್ಯೂಲಿಗೆ ಹದಿನಾಲ್ಕು ಕಡೆ ಬೆಸುಗೆ ಬಿಚ್ಚಬೇಕು, ಕಡಿಮೆ ಬೆಲೆಯ ಪ್ಯಾಡಿಗೆ ಕೂಲಿಯೇ ಪ್ಯಾಡಿನ ಹತ್ತಿರ ಬಂದು ನಿಲ್ಲುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಅಯಸ್ಕಾಂತವನ್ನು ಸೆನ್ಸರ್ ದೂರದಿಂದಲೇ ಓದುತ್ತದೆ, ಉಜ್ಜುವ ಭಾಗವಿಲ್ಲ. ಇದು ಹೊಸ ಕಂಡುಹಿಡಿತವೇನಲ್ಲ, ಸೆಗಾದ ಡ್ರೀಮ್‌ಕಾಸ್ಟ್ 1998ರಲ್ಲೇ ಬಳಸಿತ್ತು. ಟಿಎಂಆರ್ ಎಂಬುದೂ ಅಯಸ್ಕಾಂತದ್ದೇ ದಾರಿ, ಕಡಿಮೆ ಕರೆಂಟು ಸಾಕು. ಗೇಮ್‌ಸರ್ ಜಿ7 ಎಸ್‌ಇ ವೈರ್ ಇದ್ದು ಹಾಲ್ ಸ್ಟಿಕ್ ಇರುವ ಮಾದರಿ. ಭಾರತದ ಕಾಸ್ಮಿಕ್ ಬೈಟ್‌ನಂಥ ಕಂಪನಿಗಳೂ ಹಾಲ್ ಸ್ಟಿಕ್ ಪ್ಯಾಡ್ ಮಾರುತ್ತಿವೆ. ಆದರೆ "ಜನ್ಮದಲ್ಲಿ ಡ್ರಿಫ್ಟ್ ಬರಲ್ಲ" ಎಂದು ಮಾತು ಕೊಡಬೇಡಿ. ನಡುವಿಗೆ ತರುವ ಸ್ಪ್ರಿಂಗ್ ಇವುಗಳಲ್ಲೂ ಸಡಿಲವಾಗುತ್ತದೆ.

ಆಟಕ್ಕೆ ತಕ್ಕಂತೆ ಆರಿಸುವುದು ಸುಲಭದ ಭಾಗ. ಕಾರ್ ಆಟಕ್ಕೆ ಟ್ರಿಗರ್ ಅನಲಾಗ್ ಇರಲೇಬೇಕು, ಅಂದರೆ ಎಷ್ಟು ಎಳೆದಿರೋ ಅಷ್ಟನ್ನೇ ಅಳೆಯಬೇಕು. ಸ್ವಿಚ್ ಪ್ರೊ ಕಂಟ್ರೋಲರಿನ ಟ್ರಿಗರ್‌ಗಳು ಆನ್-ಆಫ್ ಮಾತ್ರ, ಅರ್ಧ ಆಕ್ಸಲರೇಟರ್ ಸಾಧ್ಯವೇ ಇಲ್ಲ. ಜೊತೆಗೆ ಎ-ಬಿ, ಎಕ್ಸ್-ವೈ ಜಾಗ ಅದಲುಬದಲು. ಫೈಟಿಂಗ್ ಆಟದವರು ಸ್ಟಿಕ್ ನೋಡುವುದಿಲ್ಲ, ಡಿ-ಪ್ಯಾಡ್ ಒತ್ತಿ ನೋಡುತ್ತಾರೆ: ಕೆಳಗಿನಿಂದ ಮುಂದಕ್ಕೆ ಹೆಬ್ಬೆರಳು ಜಾರಿಸಿದಾಗ ನಡುವಿನ ಓರೆ ದಿಕ್ಕು ಟೆಸ್ಟರಿನಲ್ಲಿ ಪ್ರತಿ ಸಲ ಬೀಳಬೇಕು. ವ್ಯಾಲೊರಂಟ್ ಎಂಬ ಶೂಟಿಂಗ್ ಆಟಕ್ಕೆ ಎಂದು ಕೇಳಿ ಬಂದವರಿಗೆ ಪಿಸಿಯಲ್ಲಿ ಅದು ಕಂಟ್ರೋಲರನ್ನು ಒಪ್ಪುವುದೇ ಇಲ್ಲ ಎಂದು ಹೇಳಿ, ಮೌಸ್ ತೋರಿಸಿ.

ಸೆಕೆಂಡ್ ಹ್ಯಾಂಡ್ ಮತ್ತು ನಕಲಿ ವಿಷಯಕ್ಕೆ ಬಂದರೆ, ಡಿವೈಸ್ ಮ್ಯಾನೇಜರಿನಲ್ಲಿ ಕಾಣುವ ಗುರುತಿನ ಸಂಖ್ಯೆ ಸಾಕ್ಷಿಯಲ್ಲ. 045ಇ ಮೈಕ್ರೋಸಾಫ್ಟ್‌ನದ್ದು, 054ಸಿ ಸೋನಿಯದ್ದು, ನಿಜ. ಆದರೆ ಎಕ್ಸ್‌ಬಾಕ್ಸ್ 360 ವೈರ್ ಕಂಟ್ರೋಲರಿನ 045ಇ (ಕಂಪನಿ), 028ಇ (ಮಾದರಿ) ಜೋಡಿಯನ್ನು ಎಷ್ಟೋ ಬೇರೆ ಕಂಪನಿಗಳ ಪ್ಯಾಡ್‌ಗಳು ಹೇಳಿಕೊಳ್ಳುತ್ತವೆ. ವಿಂಡೋಸ್ ತಾನೇ ಡ್ರೈವರ್ ಹಾಕಿಕೊಳ್ಳಲಿ ಎಂದು. ಹಳೆಯ ಎಕ್ಸ್‌ಬಾಕ್ಸ್ 360 ವೈರ್‌ಲೆಸ್ ಪ್ಯಾಡ್ ಅಗ್ಗಕ್ಕೆ ಸಿಕ್ಕಿತೆಂದು ತಂದವರಿಗೆ ಇನ್ನೊಂದು ಖರ್ಚು ಕಾದಿರುತ್ತದೆ. ಅದರ ಪ್ಲೇ ಆಂಡ್ ಚಾರ್ಜ್ ಕೇಬಲ್ ಚಾರ್ಜ್ ಮಾತ್ರ ಮಾಡುತ್ತದೆ, ಡೇಟಾ ಒಯ್ಯುವುದಿಲ್ಲ, ಬ್ಲೂಟೂತ್ ಇಲ್ಲವೇ ಇಲ್ಲ. ಪಿಸಿಗೆ ಬೇಕಾದರೆ ಅದರದ್ದೇ ರಿಸೀವರ್ ಬೇಕು. ನಕಲಿ ರಿಸೀವರ್ ತಾನಾಗಿ ಡ್ರೈವರ್ ಹಿಡಿಯದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಪ್‌ಡೇಟ್ ಡ್ರೈವರ್, ನಂತರ ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ಆರಿಸುವ ಆಯ್ಕೆ, ಅಲ್ಲಿ ಎಕ್ಸ್‌ಬಾಕ್ಸ್ 360 ಪೆರಿಫೆರಲ್ಸ್ ವಿಭಾಗದ ವೈರ್‌ಲೆಸ್ ರಿಸೀವರ್ ಹೆಸರು, ಹೀಗೆ ಕೈಯಾರೆ ಹಾಕಬೇಕಾಗುತ್ತದೆ. ಎಚ್ಚರಿಕೆ ಬಂದರೆ ಒಪ್ಪಿ ಮುಂದುವರಿಯಿರಿ.