‘ಅವ್ನು ಬ್ಯಾಂಡ್‌ನವ್ನಾ?’ ಅಂತ ಕೇಳೋರಿಗೆ

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಬರೆದಿಡ್ತಿದ್ದೀನಿ, ಇನ್ಮೇಲೆ ಕೇಳಿದೋರಿಗೆಲ್ಲ ಇದನ್ನೇ ಕಳಿಸೋದು.

ಪ್ರಶ್ನೆ ಏನಂದ್ರೆ, ಆರ್.ಇ.ಎಂ. ಅನ್ನೋ ರಾಕ್ ಬ್ಯಾಂಡ್ ಅಂದ್ರೆ ಹಾಡೋ ಮೈಕಲ್ ಸ್ಟೈಪ್, ಗಿಟಾರ್‌ನ ಪೀಟರ್ ಬಕ್, ಬೇಸ್ ಗಿಟಾರ್‌ನ ಮೈಕ್ ಮಿಲ್ಸ್, ಡ್ರಮ್ಸ್‌ನ ಬಿಲ್ ಬೆರಿ, ಒಟ್ಟು ನಾಲ್ಕೇ ಜನ, 1980ರಲ್ಲಿ ಅಮೆರಿಕದ ಜಾರ್ಜಿಯಾದ ಅಥೆನ್ಸ್ ಊರಲ್ಲಿ ಶುರು ಮಾಡಿದೋರು, ಹಾಗಿರೋವಾಗ ನೀನು ಯಾವಾಗ ನೋಡಿದ್ರೂ ಪಕ್ಕದಲ್ಲಿ ನಿಂತು ನುಡಿಸೋರ ಹೆಸರೇ ಯಾಕೆ ಹೇಳ್ತಿರ್ತೀಯ?

ಕೇಳಿದ್ದಕ್ಕೆ ಸಿಟ್ಟಿಲ್ಲ, ಕೇಳೋ ಧಾಟಿಗೆ ಸಿಟ್ಟು. ಮುಂಬೈ ಹತ್ರ ಡೊಂಬಿವಲಿಯಲ್ಲಿ ಅಕ್ಕನ ಮನೇಲಿದ್ದೆ ಒಂದು ಭಾನುವಾರ, ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸೋ ಮೆಗಾಬ್ಲಾಕ್, ಮೇಲಿಂದ ಮಳೆ, ವಾಪಸ್ ಹೊರಡೋ ಹಾಗಿಲ್ಲ. ಟಿವಿಯಲ್ಲಿ ಆರ್.ಇ.ಎಂ.ನ 2005ರ ಡಬ್ಲಿನ್ ಕಾನ್ಸರ್ಟ್ ಹಾಕ್ಕೊಂಡು ಕೂತಿದ್ವಿ. ಭಾವ ಗೋಳಿಬಜೆ ತಿಂತಾ ‘ಆ ಕಡೆ ನಿಂತಿದಾನಲ್ಲ, ಅವ್ನ್ಯಾರು?’ ಅಂದ್ರು. ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ, ಇಷ್ಟು ವರ್ಷದಲ್ಲಿ ಯಾರೂ ಆ ಕಡೆ ಬೆರಳು ತೋರಿಸಿರ್ಲಿಲ್ಲ. ‘ಸ್ಕಾಟ್ ಮೆಕಾಹಿ, ಸಿಯಾಟಲ್‌ನ ಯಂಗ್ ಫ್ರೆಶ್ ಫೆಲೋಸ್ ಅಂತ ಬ್ಯಾಂಡ್ ಇದೆಯಲ್ಲ, ಅದ್ರವ್ರು’ ಅಂದೆ. ‘ಈ ಬ್ಯಾಂಡ್‌ನವ್ನಾ?’ ‘ಅಲ್ಲ ಭಾವ.’ ‘ಹಾಗಾದ್ರೆ ಬಿಡು.’

ಹಾಗಾದ್ರೆ ಬಿಡು ಅಂತೆ!

ಯಾಕೆ ಬಿಡ್ಬೇಕು ಹೇಳಿ. ಬಿಲ್ ಬೆರಿ 1980ರಿಂದ 1997ರವರೆಗೆ, ಅಂದ್ರೆ 17 ವರ್ಷ ಇದ್ರು. ಸ್ಕಾಟ್ 1995ರ ಟೂರ್‌ನಿಂದ ಹಿಡಿದು 2011ರಲ್ಲಿ ಬ್ಯಾಂಡ್ ಮುಗಿಯೋವರೆಗೂ ಇದ್ರು, ಅದೂ 16 ವರ್ಷ. ಒಬ್ರು ಬ್ಯಾಂಡ್‌ನವ್ರು, ಇನ್ನೊಬ್ರು ‘ಬಿಡು’. 2007ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ್ದು ಆ ನಾಲ್ಕೇ ಹೆಸರು, ಅದು ಸರಿನೇ, ಬ್ಯಾಂಡ್ ಕಟ್ಟಿದೋರು ಅವ್ರು, ಅವ್ರ ಜಾಗ ಕಿತ್ಕೊಳ್ಳಿ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ನನ್ನ ಕಿವಿಗೆ ಬಿದ್ದಿದ್ದು ಆ ನಾಲ್ಕು ಜನರ ಸದ್ದು ಮಾತ್ರ ಅಲ್ಲ.

ಎಲ್ಲರಿಗೂ ಗೊತ್ತಿರೋ ಹಾಡನ್ನೇ ತಗೊಳ್ಳಿ, 1991ರ ‘ಲೂಸಿಂಗ್ ಮೈ ರಿಲಿಜನ್’. ಎಲ್ಲರೂ ಮ್ಯಾಂಡೊಲಿನ್ ಮ್ಯಾಂಡೊಲಿನ್ ಅಂತಾರೆ, ಅದು ಪೀಟರ್ ಬಕ್‌ದು. ಸರಿ, ಬಕ್ ಕೈಯಲ್ಲಿ ಮ್ಯಾಂಡೊಲಿನ್ ಇದ್ರೆ ಕೆಳಗಡೆ ಹಾಡು ಪೂರ್ತಿ ಓಡೋ ಅಕೂಸ್ಟಿಕ್ ಗಿಟಾರ್ ಯಾರದ್ದು? ಪೀಟರ್ ಹೋಲ್ಸಾಪಲ್. 1989ರ ಟೂರ್‌ಗೆ ಅಂತ ಬಂದೋರು, ಆಮೇಲೆ ಈ ಹಾಡಿರೋ ಆಲ್ಬಮ್‌ನಲ್ಲೂ ನುಡಿಸಿದ್ರು. ಆ ಗಿಟಾರ್ ತೆಗೆದ್ರೆ ಮ್ಯಾಂಡೊಲಿನ್ ಗಾಳೀಲಿ ತೇಲುತ್ತೆ, ನಿಲ್ಲೋಕೆ ನೆಲ ಇರಲ್ಲ. ಸ್ಟೇಜ್ ಮೇಲೂ ಅದೇ ಕಷ್ಟ, ರೆಕಾರ್ಡಿಂಗ್‌ನಲ್ಲಿ ಒಬ್ರೇ ಪದರ ಪದರವಾಗಿ ನಾಲ್ಕು ವಾದ್ಯ ನುಡಿಸಿ ಸೇರಿಸ್ಬೋದು, ಸ್ಟೇಜ್ ಮೇಲೆ ಇರೋದು ಎರಡೇ ಕೈ. ಮಿಲ್ಸ್ ಪಿಯಾನೋ ಮುಂದೆ ಕೂತ್ರೆ ಬೇಸ್ ಗಿಟಾರ್ ಯಾರಾದ್ರೂ ಎತ್ಕೋಬೇಕಲ್ಲ. ಎತ್ಕೊಳ್ಳೋರು ಈ ‘ಬಿಡು’ಗಳೇ.

ಬೆರಿ ಬಿಟ್ಟಾಗ ಸ್ಟೈಪ್ ಹೇಳಿದ್ರು, ಮೂರು ಕಾಲಿನ ನಾಯಿನೂ ನಾಯಿನೇ, ಬೇರೆ ಥರ ಓಡೋದು ಕಲಿಬೇಕು ಅಂತ. 1995ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿ ಸ್ಟೇಜ್ ಮೇಲಿದ್ದಾಗಲೇ ಬೆರಿಗೆ ಮೆದುಳಿನ ರಕ್ತನಾಳ ಒಡೆದಿತ್ತು, ಬದುಕಿದ್ದೇ ದೊಡ್ಡದು, ಎರಡು ವರ್ಷ ಆದ್ಮೇಲೆ ಬಿಟ್ರು. ಆಮೇಲೆ ಡ್ರಮ್ಸ್ ಹಿಂದಿನ ಆ ಖಾಲಿ ಸ್ಟೂಲ್ ಮೇಲೆ ಮೊದಲು ಕೂತಿದ್ದು ಜೋಯಿ ವರೋಂಕರ್, 2003ರಿಂದ ಬಿಲ್ ರೀಫ್ಲಿನ್. ರೀಫ್ಲಿನ್ ಮೊದಲು ಮಿನಿಸ್ಟ್ರಿ ಅನ್ನೋ ಬ್ಯಾಂಡ್ ಜೊತೆ ಕಬ್ಬಿಣ ಕಾಯಿಸಿ ಬಡಿಯೋ ಥರದ ಸಂಗೀತ ನುಡಿಸಿದೋರು, ಇಲ್ಲಿಗೆ ಬಂದು ಹಾಡಿಗೆ ಎಷ್ಟು ಬೇಕೋ ಅಷ್ಟೇ ಬಾರಿಸಿದ್ರು. 2008ರ ‘ಆಕ್ಸಲರೇಟ್’ ಆಲ್ಬಮ್ ಕೇಳಿ, ಸುಮಾರು 35 ನಿಮಿಷ, ಮುದಿ ಬ್ಯಾಂಡ್ ಅಂತ ಯಾರಾದ್ರೂ ಅಂತಾರಾ? 2020ರ ಮಾರ್ಚ್‌ನಲ್ಲಿ ನಮ್ಮಲ್ಲಿ ಲಾಕ್‌ಡೌನ್ ಶುರುವಾದ ವಾರವೇ ಅವ್ರು ಕ್ಯಾನ್ಸರ್‌ನಿಂದ ತೀರ್ಕೊಂಡ್ರು. ಆವತ್ತು ಇದನ್ನ ಯಾರ ಹತ್ರ ಹೇಳ್ಕೊಳ್ಳೋದು ಅಂತ ಗೊತ್ತಾಗ್ದೆ ಬಾಲ್ಕನೀಲಿ ನಿಂತಿದ್ದೆ.

ನಂಗೆ ಈ ಅಭ್ಯಾಸ ಬಂದಿದ್ದು ಅಮೆರಿಕದಿಂದಲ್ಲ, ಮುಂಬೈನ ಮಾಟುಂಗದಿಂದ. ಚಿಕ್ಕಪ್ಪ ಹಗಲು ಹೋಟೆಲ್ ಗಲ್ಲಾದಲ್ಲಿ ಕೂರ್ತಿದ್ರು, ಯಕ್ಷಗಾನದ ಆಟ ಇದ್ದ ರಾತ್ರಿ ಚೆಂಡೆಗೆ ನಿಲ್ತಿದ್ರು. ನಾನು ವೇಷ ಕಟ್ಟೋ ಚೌಕಿ ಹತ್ರ ಆಡ್ಕೊಂಡು ಬೆಳೆದೋಳು. ಯಕ್ಷಗಾನದ ಹ್ಯಾಂಡ್‌ಬಿಲ್ ನೋಡಿದೀರಾ? ಹಿಮ್ಮೇಳದ ಹೆಸರು ಮೊದಲು, ಭಾಗವತರು, ಮದ್ದಳೆ, ಚೆಂಡೆ, ಆಮೇಲೆ ಮುಮ್ಮೇಳ, ಅಂದ್ರೆ ವೇಷಧಾರಿಗಳು. ರಾಕ್ಷಸ ವೇಷ ಎಷ್ಟೇ ಅಬ್ಬರಿಸ್ಲಿ, ಅವ್ನ ಹೆಸರು ಕೆಳಗೇ. ಕರುಣ ರಸದ ಪದ ಬಂದಾಗ ಚಿಕ್ಕಪ್ಪ ಕೋಲು ಕೆಳಗಿಳಿಸಿ ಸುಮ್ನೆ ನಿಲ್ತಿದ್ರು, ಹತ್ತು ನಿಮಿಷ ಆದ್ರೂ ಸರಿ, ಕಣ್ಣು ಮಾತ್ರ ಭಾಗವತರ ಬಾಯಿ ಬಿಟ್ಟು ಕದಲ್ತಿರ್ಲಿಲ್ಲ. ಡಬ್ಲಿನ್ ವಿಡಿಯೋದಲ್ಲಿ ನಾನು ಸ್ಕಾಟ್ ಕಣ್ಣು ಹುಡುಕೋದು ಇದಕ್ಕೇ.

ಹಾಗಾಗಿ ‘ಬ್ಯಾಂಡ್‌ನವ್ನಾ’ ಅಂತ ಕೇಳ್ಬೇಡಿ. ‘ಈಗ ಕೇಳಿಸ್ತಲ್ಲ, ಅದ್ಯಾರದ್ದು?’ ಅಂತ ಕೇಳಿ. ಅದನ್ನ ಕೇಳಿದ್ರೆ ರಾತ್ರಿ ಕೊನೇ ಲೋಕಲ್ ಹೋಗೋವರೆಗೂ ಹೇಳ್ತೀನಿ. 2017ರ ನವೆಂಬರ್‌ನಲ್ಲಿ ಸ್ಕಾಟ್‌ಗೆ ಸ್ಟ್ರೋಕ್ ಆಯ್ತು, ಮಾತು, ಹಾಡಿನ ಸಾಲು ಎಲ್ಲ ಕಲಸುಮೇಲೋಗರ. ಆಸ್ಪತ್ರೆಯಲ್ಲಿ ತಲೆಗೆ ಬಂದ ಪದಗಳನ್ನ ಬರೆದಿಟ್ಕೊಂಡ್ರು, ಅವೇ 2019ರಲ್ಲಿ ‘ಸ್ಟ್ರೋಕ್ ಮ್ಯಾನರ್’ ಅನ್ನೋ ಆಲ್ಬಮ್ ಆಯ್ತು, ಅವ್ರದ್ದೇ ಮೈನಸ್ ಫೈವ್ ಬ್ಯಾಂಡ್‌ನದ್ದು. ಅಲ್ಲಿ ಅವ್ರು ಮುಂದೆ ನಿಂತಿದಾರೆ.

ಭಾವ ಗಣಪತಿ ಹಬ್ಬಕ್ಕೆ ನಮ್ಮನೆಗೆ ಬರ್ತಾರೆ. ಹೆಡ್‌ಫೋನ್ ಚಾರ್ಜ್ ಮಾಡಿಟ್ಟಿದೀನಿ, ಮೊದಲು ಹೋಲ್ಸಾಪಲ್ ಗಿಟಾರ್ ಕೇಳಿಸೋದು, ಊಟ ಆಮೇಲೆ.