ಸಾಠ್ ಕಬರಿನ 11 ಸೆಕೆಂಡು

ಅಕ್ಕನ ಮಗ ಭಾನುವಾರ ಊರ ಹೊರಗಿನ ಹಳೆಯ ಗೋರಿಗಳ ಜಾಗ ಸಾಠ್ ಕಬರಿನಲ್ಲಿ ಮಾಡಿದ ರೀಲ್ ನಿನ್ನೆ ರಾತ್ರಿ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದು ಬಿತ್ತು. ನೀಲಿ ಬಣ್ಣ ಬಳಿದು ಮಟಮಟ ಮಧ್ಯಾಹ್ನವನ್ನು ಅಮಾವಾಸ್ಯೆ ಮಾಡಿಟ್ಟಿದ್ದಾನೆ. ಹಿಂದೆ ಯಾವುದೋ ಹೆಂಗಸು ಚೀರುವ ದನಿ, ಎಲ್ಲಿಂದ ತಂದು ಅಂಟಿಸಿದನೋ. ಮೇಲೆ ಕೆಂಪಕ್ಷರದಲ್ಲಿ ‘ಬಿಜಾಪುರದ 60 ದೆವ್ವಗಳು’. ಅವತ್ತು ನಾನೂ ಅಲ್ಲೇ ಇದ್ದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಬೇವಿನ ಗಿಡದ ಕೆಳಗೆ ಆಡು ಕಾಯುವ ಮುದುಕಿಯೊಬ್ಬಳು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಕೂತಿದ್ದಳು. ಚೀರಿದವರು ಯಾರೂ ಇರಲಿಲ್ಲ.

ಊರಿಗೆ ಬಂದು ಎಂಟು ದಿನವಾಯಿತು. 2014ರಲ್ಲೇ ವಿಜಯಪುರ ಆಗಿದೆಯಾದರೂ ನನ್ನ ಬಾಯಿಗೆ ಇನ್ನೂ ಬಿಜಾಪುರವೇ ಬರುತ್ತದೆ, ರೀಲ್ ಮಾಡುವ ಹುಡುಗರಿಗೂ ಅದೇ ಬೇಕು. ದೆವ್ವಕ್ಕೆ ಹಳೆಯ ಹೆಸರೇ ಚಲೋ ಒಪ್ಪುತ್ತದೆ ಅಂತ ಕಾಣುತ್ತೆ. ‘ಮೌಶಿ, ನೀ ಒಬ್ಬಾಕಿ ಬಂದ್ರ ಅವ್ವ ಹೂಂ ಅಂತಾಳ’ ಎಂದು ಹುಡುಗ ಗಂಟು ಬಿದ್ದ. ಜೊತೆಗೆ ಇಬ್ಬರು ಗೆಳೆಯರು. ಅದರಲ್ಲೊಬ್ಬ ಇಡೀ ದಾರಿ ತನ್ನ ಕೂದಲನ್ನೇ ನೋಡಿಕೊಳ್ಳುತ್ತಿದ್ದ. ನನಗೆ ಅವನು ಅಷ್ಟು ಸೇರಲಿಲ್ಲ.

ಕತೆ ಗೊತ್ತಿದ್ದದ್ದೇ. ಬಿಜಾಪುರದ ಸರದಾರ ಅಫ್ಜಲ್ ಖಾನ್ ಶಿವಾಜಿಯ ಮೇಲೆ ದಂಡು ತೆಗೆದುಕೊಂಡು ಹೊರಟಾಗ, ನೀನು ತಿರುಗಿ ಬರುವುದಿಲ್ಲ ಅಂದನಂತೆ ಜೋಯಿಸ. ತಾನು ಸತ್ತಮೇಲೆ ಹೆಂಡಂದಿರು ಬೇರೆಯವರ ಪಾಲಾಗಬಾರದು ಅಂತ 63 ಮಂದಿಯನ್ನೂ ಒಬ್ಬೊಬ್ಬರನ್ನಾಗಿ ಬಾವಿಗೆ ನೂಕಿ ಹೋದನಂತೆ. ಒಬ್ಬಳೋ ಇಬ್ಬರೋ ತಪ್ಪಿಸಿಕೊಂಡು ಓಡಿದರು, ಖಾಲಿ ಬಿದ್ದ ಕುಣಿ ಅವರದ್ದು ಅನ್ನುವವರೂ ಇದ್ದಾರೆ. ಜೋಯಿಸನ ಮಾತು ಮಾತ್ರ ಸುಳ್ಳಾಗಲಿಲ್ಲ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಖಾನ್ ಸತ್ತ. ಅಲ್ಲೇ ಮಣ್ಣಾದ. ಬದುಕಿದ್ದಾಗಲೇ ಬಿಜಾಪುರದ ಹೊರಗೆ ತನಗಾಗಿ ಕಟ್ಟಿಸಿಕೊಂಡಿದ್ದ ಗೋರಿ ಇವತ್ತಿಗೂ ಖಾಲಿ. ನಮ್ಮ ಅಜ್ಜಿ ಇದನ್ನೆಲ್ಲ ಹೇಳುವಾಗ ಅವಳಿಗೆ ಹೆಂಗಸರಿಗಿಂತ ಜೋಯಿಸನ ಮೇಲೇ ಹೆಚ್ಚು ಅಭಿಮಾನ: ‘ನೋಡ, ಹೇಳಿದಂಗ ಆತಿಲ್ಲ!’

ಸಾಠ್ ಅಂದರೆ ಅರವತ್ತು. ಸತ್ತವರು 63. ಹೆಸರಿಡುವಾಗ ಮೂವರನ್ನು ಬಿಟ್ಟೇಬಿಟ್ಟಿದ್ದಾರೆ. ತರಕಾರಿ ಅಂಗಡಿಯಲ್ಲಿ ‘ಚಿಲ್ಲರೆ ಇರಲಿ ಬಿಡ್ರಿ’ ಅನ್ನುತ್ತೇವಲ್ಲ, ಹಾಗೆ. ಇಷ್ಟು ವರ್ಷ ಆ ಹೆಸರು ಹೇಳಿಕೊಂಡು ಬಂದ ನನಗೂ ಇದು ಹೊಳೆದದ್ದು ಈ ಭಾನುವಾರ, ಬೈಕಿನ ಹಿಂದೆ ಕೂತು ಹೊಲಗಳ ನಡುವಿನ ಕಚ್ಚಾ ರಸ್ತೆಯಲ್ಲಿ ಸೊಂಟ ಹಿಡಿದುಕೊಳ್ಳುವಾಗ.

ಹೋಗಿ ನೋಡಿದರೆ ಅಂಜಿಕೆ ಹುಟ್ಟಿಸುವಂಥದ್ದೇನೂ ಇಲ್ಲ. ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಸಾಲುಸಾಲು ಕರಿಕಲ್ಲಿನ ಗೋರಿಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ. ಮೇಲ್ಭಾಗ ಚಪ್ಪಟೆ. ಗಂಡಸಿನ ಗೋರಿಯಾದರೆ ಮೇಲೆ ಲೆಕ್ಕಣಿಕೆ ಇಡುವ ಕಲಮ್‌ದಾನದಂಥ ಉಬ್ಬು ಇರುತ್ತದೆ, ಹೆಣ್ಣಿನದಾದರೆ ಪಾಟಿಯ ಹಾಗೆ ಸಪಾಟು. ಬಿಜಾಪುರದ ಮಕ್ಕಳಿಗೆ ಇದು ಮಗ್ಗಿಯ ಜೊತೆಗೇ ಬಂದುಬಿಡುತ್ತದೆ. ಬರೆಯುವ ಲೆಕ್ಕಣಿಕೆ ಅವನದು, ಬರೆಸಿಕೊಳ್ಳುವ ಪಾಟಿ ಇವಳದು. ಕಟ್ಟೆಯ ಮೇಲೆ ಎಲ್ಲವೂ ಪಾಟಿಗಳೇ. ಯಾವುದರ ಮೇಲೂ ಒಂದು ಹೆಸರಿಲ್ಲ.

ಹುಡುಗರು ಆ ಕಡೆ ಈ ಕಡೆ ಓಡಾಡಿ, ಕುಣಿಯೊಳಗೆ ಇಣುಕಿ, ಉಸಿರು ಬಿಗಿಹಿಡಿದ ಮುಖ ಮಾಡಿ, ಎಲ್ಲ ಮುಗಿಸಿದರು. ಆಮೇಲೆ ‘ಲೋಕಲ್ ಜನರ ಒಂದು ಬೈಟ್ ಬೇಕು’ ಅಂತ ಮುದುಕಿಯ ಹತ್ತಿರ ಹೋದರು. ಆಗ ನಡೆದ ಮಾತು ಇಷ್ಟು:

‘ಆಯಿ, ರಾತ್ರಿ ಇಲ್ಲಿ ಅವು ಕಾಣಸ್ತಾವಂತಲ್ಲ, ಹೌದ? ಯಾರನ್ನರ ಕಾಡ್ಯಾವೇನ?’

ಆಕೆ ರೊಟ್ಟಿ ಮುರಿಯುತ್ತಲೇ ಅಂದಳು: ‘ಕಾಡೂದಿದ್ರ ಅವನ್ನ ಕಾಡತಿದ್ರು ತಮ್ಮಾ. ನಿನ್ನ ಕಾಡಿ ಅವ್ರಿಗೇನ ಸಿಗತೈತಿ?’

ಎಲ್ಲರೂ ಗೊಳ್ಳನೆ ನಕ್ಕೆವು. ಕೂದಲಿನ ಹುಡುಗ ‘ಆಯಿ ಡೈಲಾಗ್ ಸಾಲಿಡ್ ಐತಿ’ ಅಂದ. ಅಲ್ಲಿಗೆ ಮುಗಿಯಿತು, ಗಾಡಿ ಹತ್ತಿದೆವು, ದಾರಿಯಲ್ಲಿ ಕಬ್ಬಿನ ಹಾಲು ಕುಡಿದೆವು.

ರಾತ್ರಿ ಮಲಗಿದಾಗ ಆ ಮಾತು ಮತ್ತೆ ಬಂತು. ಮೊದಲು ಕಿವಿಗೆ ಬಿದ್ದದ್ದು ನ್ಯಾಯ: ಕಾಡಬೇಕಾದ್ದು ಅವನನ್ನು. ಹೌದಲ್ಲ, ಖಾನನ ಖಾಲಿ ಗೋರಿಯೂ ಅದೇ ಸೀಮೆಯಲ್ಲಿದೆ, ಅಲ್ಲಿ ರಾತ್ರಿ ಏನೋ ಓಡಾಡುತ್ತದೆ ಅಂತ ನಾನು ಯಾರ ಬಾಯಿಂದಲೂ ಕೇಳಿಲ್ಲ. ಕೊಂದವನ ಗೋರಿ ಬರೀ ಹಳೆಯ ಕಟ್ಟಡ. ಸತ್ತವರ ಗೋರಿಗೆ ಹೊತ್ತು ಮುಳುಗಿದ ಮೇಲೆ ಹೋಗಬಾರದು. ಚಿಕ್ಕವರಿದ್ದಾಗ ಹಟ ಮಾಡಿದರೆ ಅವ್ವ ‘ಸಾಠ್ ಕಬರಿನ್ಯಾಗ ಬಿಟ್ಟ ಬರ್ತೀನಿ’ ಅನ್ನುತ್ತಿದ್ದಳು. ನನಗೂ ಅಕ್ಕನಿಗೂ ಅಷ್ಟೇ. ಅಣ್ಣನಿಗೆ ಪೊಲೀಸರು.

ಎರಡನೇ ಸಲ ಕೇಳಿಸಿಕೊಂಡಾಗ ಬೇರೆಯದೇ ತಟ್ಟಿತು. ಹುಡುಗ ಕೇಳಿದ್ದು ‘ಅವು’. ಆಕೆ ಹೇಳಿದ್ದು ‘ಅವ್ರು’. ತಿದ್ದಲಿಲ್ಲ, ಒತ್ತಿಯೂ ಹೇಳಲಿಲ್ಲ, ರೊಟ್ಟಿ ಮುರಿಯುತ್ತ ತನ್ನ ಪಾಡಿಗೆ ಹೇಳಿದ್ದು. ನಮ್ಮ ಕಡೆ ಹುಡುಗಿಯರನ್ನು, ಒಮ್ಮೊಮ್ಮೆ ಮನೆಯ ಹೆಂಗಸರನ್ನೂ ‘ಬಂತು, ಹೋತು’ ಅನ್ನುವ ರೂಢಿಯಿದೆ, ಅದರಲ್ಲಿ ಪ್ರೀತಿಯೂ ಇರುತ್ತದೆ ಅನ್ನಿ. ಸತ್ತರೆ ಮಾತ್ರ ಪೂರ್ತಿ ‘ಅವು’. ನಾನೂ ಅವತ್ತು ಬೆಳಗ್ಗೆ ಅಕ್ಕನ ಎದುರು ‘ಅವು ಅರವತ್ತು ಅಲ್ಲ, ಅರವತ್ತಮೂರು’ ಅಂತ ಜಾಣತನ ತೋರಿಸಿದ್ದೆ. ಗೋರಿಗಳಿಗೆ ಅಂದೆನೋ, ಅದರೊಳಗಿನವರಿಗೆ ಅಂದೆನೋ, ಈಗ ನನಗೇ ಹೇಳಲಾಗದು.

ಸೋಮವಾರ ನಾಷ್ಟಾ ಮಾಡುವಾಗ ಭಾವ (ಹೈಸ್ಕೂಲ್ ಮಾಸ್ತರರು, ರಜೆಯಲ್ಲೂ ಮಾಸ್ತರರೇ) ಇಡೀ ಕತೆಗೇ ಕತ್ತರಿ ಹಾಕಿದರು. ‘ದಂಡು ಹೊರಡೂ ಹೊತ್ತಿನ್ಯಾಗ 63 ಮಂದೀನ ಕೊಂದು, ಇಷ್ಟು ಚಂದ ಸಾಲಾಗಿ ಗೋರಿ ಕಟ್ಟಸ್ಲಿಕ್ಕೆ ಅವಗ ಪುರಸೊತ್ತಿತ್ತೇನ? ಸರದಾರನ ಜನಾನಾದವರನ್ನ ಮಣ್ಣು ಮಾಡೂ ಜಾಗ ಇದ್ದೀತು. ಒಬ್ಬೊಬ್ಬರು ಒಂದೊಂದ ವರ್ಷ ಸತ್ತಿರಬೇಕು.’ ಅವರ ಮಾತು ಸುಳ್ಳು ಅನ್ನಲು ನನ್ನ ಹತ್ತಿರ ಏನೂ ಇಲ್ಲ. ಖಾನನ ಹೆಸರೆತ್ತಿದರೆ ಗಡಿಯ ಆಚೆಗೂ ಈಚೆಗೂ ದನಿ ಏರುತ್ತದೆ, ಅಂಥವನ ಮೇಲೆ ಕತೆ ಬೆಳೆಯುವುದು ಸುಲಭ ಅನ್ನುವುದೂ ನಿಜ. ಆದರೆ ಭಾವ ಅದನ್ನು ಹೇಳಿದ ರೀತಿಯಲ್ಲಿ ಒಂದು ನಿರಾಳ ಇತ್ತು. ಕತೆ ಸುಳ್ಳಾದರೆ ಮುಗಿಯಿತು, ಇನ್ನು ಚಹಾ ಕುಡಿಯಬಹುದು ಅನ್ನುವ ಹಾಗೆ. ಅವರು ತಮ್ಮ ತಮ್ಮ ರೋಗಕ್ಕೇ ಸತ್ತಿದ್ದರೂ ನಾವು ಅವರನ್ನು ದೆವ್ವ ಮಾಡಿ ಕೂರಿಸಿದ್ದಂತೂ ನಿಜ. ಅದಕ್ಕೆ ಖಾನ್ ಕಾರಣನಲ್ಲ.

ಅದೇ ಸಂಜೆ ಗೋಲಗುಮ್ಮಟಕ್ಕೂ ಹೋಗಿದ್ದೆವು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು ಕೂಗುತ್ತಿದ್ದರು, ಕೂಗು ಏಳು ಸಲ ತಿರುಗಿ ಬರುತ್ತಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಕೆಳಗೆ ಇಣುಕಿದರೆ ಕಟ್ಟೆಯ ಮೇಲೆ ಮಹಮ್ಮದ್ ಆದಿಲ್‌ಶಾಹನ ಗೋರಿ, ಅದೇ ಸಾಲಿನಲ್ಲಿ ಬೇಗಮರದು, ಮಗಳದು, ಮೊಮ್ಮಗನದು, ರಂಭೆಯದು. ಅವೂ ಬರೀ ತೋರಿಕೆಯ ಗೋರಿಗಳು, ಅಸಲಿನವು ನೆಲಮನೆಯಲ್ಲಿವೆ. 1656ರಲ್ಲಿ ಸತ್ತ ಸುಲ್ತಾನನ ಇಡೀ ಸಂಸಾರ ಕೆಳಗೆ ಮಲಗಿದ್ದರೂ ಆ ಕಟ್ಟಡಕ್ಕೆ ದೆವ್ವದ ಹೆಸರು ಅಂಟಲಿಲ್ಲ. ಟಿಕೆಟ್ ಕೌಂಟರ್ ಇರುವಲ್ಲಿ ದೆವ್ವಕ್ಕೆ ಸರಿಬರುವುದಿಲ್ಲವೋ ಏನೋ. ಗೈಡ್ ಒಬ್ಬ ರಂಭೆಯ ಕತೆ ಹೇಳುತ್ತಿದ್ದ. ಕುಣಿಯುವವಳು, ಸುಲ್ತಾನನಿಗೆ ಪ್ರಾಣ. ನನ್ನ ಮೇಲೆ ಅಷ್ಟು ಪ್ರೀತಿ ಇದ್ದರೆ ಈ ಗ್ಯಾಲರಿಯಿಂದ ಜಿಗಿದು ತೋರಿಸು ಅಂತ ಅವನು ಚಾಷ್ಟಿಗೆ ಅಂದನಂತೆ, ಇವಳು ಜಿಗಿದೇಬಿಟ್ಟಳಂತೆ. ಕೇಳುತ್ತಿದ್ದ ಹೊಸ ಜೋಡಿಯೊಂದು ಕೈ ಕೈ ಹಿಡಿದುಕೊಂಡಿತು. ನನಗೆ ಸಿಟ್ಟು ಬಂದದ್ದು ಯಾಕೋ ಆ ಜೋಡಿಯ ಮೇಲೆ, ಪಾಪ.

ಗಂಡಸು ಹೇಳಿದನೆಂದು ತಾನೇ ಬಿದ್ದು ಸತ್ತರೆ ಪ್ರೇಮಕತೆ, ಸುಲ್ತಾನನ ಸಾಲಿನಲ್ಲೇ ಗೋರಿ, ಗೈಡಿನ ಬಾಯಲ್ಲಿ ಹೆಸರು. ಒಲ್ಲೆ ಅಂದವಳನ್ನು ನೂಕಿ ಕೊಂದರೆ ಹೊಲದ ನಡುವೆ ಒಂದು ಚಪ್ಪಟೆ ಕಲ್ಲು, ಮೇಲೆ ದೆವ್ವದ ಪಟ್ಟ. ಎರಡೂ ಕತೆ ಕಟ್ಟಿದ್ದು ಒಂದೇ ಊರು. ಎರಡನ್ನೂ ಒಂದೇ ಅಜ್ಜಿಯ ತೊಡೆಯ ಮೇಲೆ ಕೇಳಿದವಳು ನಾನು, ಒಂದಕ್ಕೆ ಅತ್ತಿದ್ದೆ, ಇನ್ನೊಂದಕ್ಕೆ ಹೆದರಿ ಉಚ್ಚೆ ಹೊಯ್ದುಕೊಂಡಿದ್ದೆ.

ನಿನ್ನೆ ರೀಲ್ ಬಂದಾಗ ನೋಡಿದೆ, ಮುದುಕಿ ಅದರಲ್ಲಿ ಇದ್ದಾಳೆ. ಅರ್ಧ ಸೆಕೆಂಡು, ಮುಖ ಮಾತ್ರ, ನೀಲಿ ಬಣ್ಣದಲ್ಲಿ. ಬಾಯಿ ಆಡುತ್ತದೆ, ಬರುವ ದನಿ ಆ ಚೀರಾಟ. ಮನೆಯವರೆಲ್ಲ ಬೆರಳೆತ್ತಿ ಮೆಚ್ಚಿದ್ದರು. ಹುಡುಗನನ್ನು ಕರೆದು ಕೇಳಿದೆ, ಆಯಿ ಮಾತು ಯಾಕ ತೆಗದಿ?

‘ಅದನ್ನ ಹಾಕಿದ್ರ ಯಾರೂ ಅಂಜೂದಿಲ್ಲ ಮೌಶಿ.’

ಕೆಟ್ಟ ಹುಡುಗನಲ್ಲ. ಬೈಯಲು ಬಾಯಿ ಬರಲಿಲ್ಲ. ಎಡಿಟ್ ಮಾಡದ ತುಣುಕು ಕಳಿಸು ಅಂದೆ, ಕಳಿಸಿದ. 11 ಸೆಕೆಂಡು ಇದೆ. ರಾತ್ರಿಯಿಂದ ಎಷ್ಟು ಸಲ ಹಾಕಿ ಕೇಳಿದೆನೋ. ಗಾಳಿಯ ಸದ್ದು, ಅವನ ಪ್ರಶ್ನೆ, ಆಕೆಯ ಉತ್ತರ, ಆಮೇಲೆ ನಗು. ನಗುವಿನಲ್ಲಿ ಎಲ್ಲರಿಗಿಂತ ಜೋರು ನನ್ನದು. ಅದು ಮುಗಿಯುವ ಮೊದಲೇ ಆಕೆ ಇನ್ನೊಂದು ಮಾತು ಅಂದಿದ್ದಾಳೆ, ಅವತ್ತು ನಮಗ್ಯಾರಿಗೂ ಕೇಳಿಸಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡರೆ ಸ್ಪಷ್ಟ: ‘ಆ ಕಡೀ ಸಾಲಿನ ಹಿಂದ ಕರೀ ಮರಿ ಹೋತು, ಒಂದೀಟು ಹೊಡಕೊಂಡ ಬಾ ತಮ್ಮಾ.’

ಯಾರೂ ಹೋಗಲಿಲ್ಲ. ಫೋನು ಅಷ್ಟರಲ್ಲಿ ಬೇವಿನ ಗಿಡದ ಕಡೆ ಹೊರಳಿದೆ. ಕೊನೆಯಲ್ಲಿ ಚೌಕಟ್ಟಿನ ಅಂಚಿಗೆ ಕಾಣುವುದು ಆಕೆ ಮೊಣಕಾಲಿಗೆ ಕೈ ಕೊಟ್ಟು ಎದ್ದು, ಗೋರಿಗಳನ್ನು ದಾಟದೆ, ಪ್ರತಿ ಸಾಲನ್ನೂ ಸುತ್ತು ಹಾಕಿಕೊಂಡು ಮರಿಯ ಕಡೆ ಹೊರಟದ್ದು.